ತೂಕ ಇಳಿಯುವುದು ನಿಂತಿದೆಯೇ? ಆಕಳಿಗೆ ಹಾಕುವ ಲೆಕ್ಕವನ್ನೇ ನಿಮಗೂ ಹಾಕಿಕೊಳ್ಳಿ



ಮೊಣಕಾಲು ನೋವು, ಸಕ್ಕರೆ ಕಾಯಿಲೆ ಎಂದು ದವಾಖಾನೆಗೆ ಹೋದಾಗ ಡಾಕ್ಟರು ನಿಮಗೆ "ತೂಕ ಇಳಿಸಿರಿ" ಎಂದು ಹೇಳಿರಬಹುದು. ನೀವೂ ಮನಸ್ಸು ಮಾಡಿದಿರಿ. ಮಿರ್ಚಿ ಭಜಿ ಬಿಟ್ಟಿರಿ, ರಾತ್ರಿ ಅನ್ನ ಕಡಿಮೆ ಮಾಡಿದಿರಿ, ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅರ್ಧ ಗಂಟೆ ನಡೆದಿರಿ. ಐದಾರು ತಿಂಗಳಲ್ಲಿ 70 ಕಿಲೋ ಇದ್ದದ್ದು 64ಕ್ಕೆ ಬಂತು. ಕುಪ್ಪಸ ಸಡಿಲಾಯಿತು. ಓಣಿಯವರು "ಏನಕ್ಕ, ಭಾಳ ಇಳದೀಯಲ್ಲ" ಎಂದರು. ಅಲ್ಲಿಗೆ ತಕ್ಕಡಿಯ ಮುಳ್ಳು ನಿಂತುಬಿಟ್ಟಿತು. ಅದೇ ಊಟ, ಅದೇ ನಡಿಗೆ. ಆದರೆ ತಿಂಗಳಾದರೂ 64 ಎಂದರೆ 64.

ಈ ಹಂತದಲ್ಲೇ ಹೆಚ್ಚಿನವರು ಸೋಲುತ್ತಾರೆ. ಕೆಲವರು "ನನ್ನ ಮೈಯೇ ಇಷ್ಟು" ಎಂದು ಎಲ್ಲವನ್ನೂ ಬಿಡುತ್ತಾರೆ. ಇಳಿದ ತೂಕ ವರ್ಷದೊಳಗೆ ತಿರುಗಿ ಬರುತ್ತದೆ. ಇನ್ನು ಕೆಲವರು ಒಂದು ಹೊತ್ತಿನ ಊಟವನ್ನೇ ಬಿಟ್ಟು ತಲೆ ಸುತ್ತಿ ಬೀಳುತ್ತಾರೆ. ಎರಡೂ ಬೇಡ. ತೂಕ ಏಕೆ ನಿಲ್ಲುತ್ತದೆ ಎಂಬುದನ್ನು ದನ ಸಾಕಿದ ನಿಮಗಿಂತ ಬೇಗ ಇನ್ಯಾರೂ ಅರ್ಥ ಮಾಡಿಕೊಳ್ಳಲಾರರು.

ನಿಜವಾಗಿಯೂ ನಿಂತಿದೆಯೇ?

ಒಂದು ಹೊತ್ತಿನ ಹಾಲು ನೋಡಿ ಆಕಳ ಇಳುವರಿ ಹೇಳುವುದಿಲ್ಲ. ಬಟವಾಡೆ ಚೀಟಿ ನೋಡಿ ಹೇಳುತ್ತೀರಿ. ಮೈತೂಕವೂ ಹಾಗೆಯೇ. ಉಪ್ಪು ಹೆಚ್ಚಾದರೆ, ಮುಟ್ಟಿನ ದಿನಗಳು ಹತ್ತಿರ ಬಂದರೆ, ಮಲಬದ್ಧತೆ ಆದರೆ ಒಂದೆರಡು ಕಿಲೋ ಮೇಲೆ ಕೆಳಗೆ ಆಗುತ್ತದೆ. ಅದು ನೀರಿನ ತೂಕ, ಕೊಬ್ಬಲ್ಲ. ಮೊದಲ ವಾರಗಳಲ್ಲಿ ತೂಕ ಭರದಿಂದ ಇಳಿಯುವುದಕ್ಕೂ ಮೈಯಲ್ಲಿನ ನೀರು ಹೋಗುವುದು ಒಂದು ಕಾರಣ. ಮುಂದೆಯೂ ಅದೇ ವೇಗ ಇರುತ್ತದೆ ಎಂದು ಕಾಯಬೇಡಿ.

ವಾರಕ್ಕೆ ಒಂದೇ ಸಲ, ಒಂದೇ ತಕ್ಕಡಿಯಲ್ಲಿ, ಬೆಳಗ್ಗೆ ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಜೊತೆಗೆ ಟೇಪಿನಿಂದ ಸೊಂಟದ ಸುತ್ತಳತೆಯನ್ನೂ ಅಳೆಯಿರಿ. ಡೇರಿಯಲ್ಲಿ ಹಾಲಿನ ಅಳತೆಯ ಜೊತೆ ಫ್ಯಾಟ್ ಕೂಡ ನೋಡುವುದಿಲ್ಲವೇ? ಲೀಟರ್ ಅಷ್ಟೇ ಇದ್ದರೂ ಫ್ಯಾಟ್ ಬದಲಾಗಬಹುದು. ಹಾಗೆಯೇ ತೂಕ ಅಷ್ಟೇ ಇದ್ದರೂ ಸೊಂಟ ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಿದೆ ಎಂದೇ ಅರ್ಥ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು ಎಂದು ವೈದ್ಯರು ಹೇಳುತ್ತಾರೆ. ತೂಕ, ಸೊಂಟ ಎರಡೂ ನಾಲ್ಕು ವಾರ ಅಲುಗದಿದ್ದರೆ ಮಾತ್ರ ನಿಂತಿದೆ ಎನ್ನಿ.

ಮೈ ಸಣ್ಣದಾದರೆ ಮೇವೂ ಸಣ್ಣದು

ಆಕಳಿಗೆ ಪಶು ಆಹಾರ ಹೇಗೆ ಹಾಕುತ್ತೀರಿ? ಮೈ ಉಳಿಸಿಕೊಳ್ಳಲು ಒಂದೂವರೆಯಿಂದ ಎರಡು ಕಿಲೋ, ಅದರ ಮೇಲೆ ಲೀಟರ್ ಹಾಲಿಗೆ 400 ಗ್ರಾಂ. ಎಮ್ಮೆಯಾದರೆ ಲೀಟರಿಗೆ 500 ಗ್ರಾಂ. ಮೇವಿನ ಲೆಕ್ಕವೂ ಮೈತೂಕದ ಮೇಲೆಯೇ. 400 ಕಿಲೋ ಆಕಳಿಗೂ 250 ಕಿಲೋ ಪಡ್ಡೆಗೂ ಒಂದೇ ಅಳತೆ ಹಾಕುವುದಿಲ್ಲ.

ನಿಮ್ಮ ಮೈಗೂ ಇದೇ ನಿಯಮ. 70 ಕಿಲೋ ಮೈಗೆ ಬೇಕಾದಷ್ಟು ಆಹಾರ 64 ಕಿಲೋ ಮೈಗೆ ಬೇಡ. ಒಂದು ಕಿಲೋ ಇಳಿದಾಗ ಮೈ ದಿನಕ್ಕೆ ಸುಮಾರು 20ರಿಂದ 30 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತದೆ. ಆರು ಕಿಲೋಗೆ ಅದು ಸುಮಾರು 150 ಕ್ಯಾಲೊರಿ, ಹೆಚ್ಚುಕಡಿಮೆ ಒಂದು ಜೋಳದ ರೊಟ್ಟಿ. ಮೊದಲು ತೂಕ ಇಳಿಸಿದ ಊಟವೇ ಈಗ ತೂಕ ಕಾಯುವ ಊಟವಾಗಿದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ತೂಕ ಇಳಿದಂತೆ ಹಸಿವು ಹೆಚ್ಚುತ್ತದೆ, ಕಿಲೋಗೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು. ಬರಗಾಲಕ್ಕೆ ಹೆದರಿದ ಮೈ ಕಳೆದುಕೊಂಡದ್ದನ್ನು ತಿರುಗಿ ಕೇಳುವ ರೀತಿ ಇದು. ಆದ್ದರಿಂದ "ನನಗೆ ಬಾಯಿಚಪಲ" ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ತೂಕ ಇಳಿಸಲು ಹೊರಟವರಲ್ಲಿ ಬಹುತೇಕರಿಗೆ ಆರು ತಿಂಗಳ ಆಸುಪಾಸಿನಲ್ಲಿ ಹೀಗೆಯೇ ಆಗುತ್ತದೆ.

ಆ ಒಂದು ರೊಟ್ಟಿ ಎಲ್ಲಿದೆ?

ತಟ್ಟೆಯಲ್ಲೇ ಹುಡುಕಬೇಕೆಂದಿಲ್ಲ. ಮೊದಲು ಚಹಾದ ಲೆಕ್ಕ ಮಾಡಿ. ಎಮ್ಮೆಯ ಗಟ್ಟಿ ಹಾಲು 50 ಮಿ.ಲೀ., ಸಕ್ಕರೆ ಎರಡು ಚಮಚೆ ಹಾಕಿದರೆ ಒಂದು ಕಪ್ಪಿಗೆ ಸುಮಾರು 90 ಕ್ಯಾಲೊರಿ. ಹಾಲು ಹಿಂಡುವ ಮೊದಲು ಒಂದು, ಡೇರಿಯಿಂದ ಬಂದ ಮೇಲೆ ಒಂದು, ಬೀಗರು ಬಂದರೆ ಒಂದು, ಸಂಜೆ ಎರಡು. ಐದು ಕಪ್ಪು ಎಂದರೆ ಮೂರು ರೊಟ್ಟಿ! ಅದರಲ್ಲಿ ಸಕ್ಕರೆಯೇ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ. ಮೂರು ಕಪ್ಪಿಗೆ ಇಳಿಸಿ, ಸಕ್ಕರೆ ಒಂದೇ ಚಮಚೆ ಹಾಕಿದರೆ ದಿನಕ್ಕೆ 240 ಕ್ಯಾಲೊರಿ ಉಳಿಯುತ್ತದೆ. ನಿಮಗೆ ಬೇಕಾದ್ದು 150. ಒಂದು ತುತ್ತು ರೊಟ್ಟಿಯನ್ನೂ ಬಿಡದೆ ಲೆಕ್ಕ ಸರಿಹೋಯಿತು.

ಎರಡನೆಯದು, ಕೈಯಾಡಿಸುವ ಶೇಂಗಾ. 30 ಗ್ರಾಂ, ಅಂದರೆ ಒಂದು ಮುಷ್ಟಿ ತಿಂದರೆ ಅದೂ ಒಂದು ರೊಟ್ಟಿಗೆ ಸಮ. ಶೇಂಗಾ ಚಟ್ನಿ ಬಿಡಬೇಡಿ, ಚಮಚೆಯಲ್ಲಿ ಅಳೆದು ಹಾಕಿಕೊಳ್ಳಿ. ಎಣ್ಣೆಯನ್ನೂ ಡಬ್ಬಿಯಿಂದ ನೇರವಾಗಿ ಸುರಿಯದೆ ಚಮಚೆಯಲ್ಲೇ ಹಾಕಿ.

ಮೂರನೆಯದು, ಉಳಿದದ್ದು. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನ, ಹಬ್ಬದ ಮರುದಿನದ ಹೋಳಿಗೆ, ಪಂಚಮಿಯ ಉಂಡಿ ಎಲ್ಲವೂ "ಕೆಡುತ್ತದಲ್ಲ" ಎಂದು ಮನೆಯ ಹೆಣ್ಣುಮಗಳ ಹೊಟ್ಟೆಗೆ ಹೋಗುತ್ತದೆ. ಹಬ್ಬದ ಅನ್ನ, ಹೋಳಿಗೆ ಹೆಚ್ಚು ಹಾಕಿದರೆ ಆಕಳಿಗೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಜೀವಕ್ಕೇ ಅಪಾಯ ಎಂದು ಪಶುವೈದ್ಯರು ಎಚ್ಚರಿಸುತ್ತಾರೆ, ನೀವೂ ಹಾಕುವುದಿಲ್ಲ. ಆಕಳಿಗೆ ತೋರಿಸುವ ಕಾಳಜಿ ನಿಮ್ಮ ಹೊಟ್ಟೆಗೂ ಇರಲಿ. ನಾಳೆಯಿಂದ ಅರ್ಧ ಸೇರು ಅಕ್ಕಿ ಕಡಿಮೆ ಇಡುವುದೇ ಜಾಣತನ.

ಊಟ ಬಿಡಬೇಡಿ, ಕಾಳು ಹೆಚ್ಚಿಸಿ

ಈದ ಆಕಳಿಗೆ ಮೇವು ಕಡಿಮೆಯಾದರೆ ಅದು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ, ಪಕ್ಕೆಲುಬು ಕಾಣುತ್ತದೆ. ಹೆಂಗಸು ಊಟ ಬಿಟ್ಟರೂ ಕೊಬ್ಬಿನ ಜೊತೆ ಮಾಂಸಖಂಡ ಕರಗುತ್ತದೆ. ಮಾಂಸಖಂಡ ಕಡಿಮೆಯಾದಷ್ಟೂ ಮೈ ಖರ್ಚು ಮಾಡುವ ಶಕ್ತಿಯೂ ಕಡಿಮೆ. ಹೀಗಾಗಿ ಉಪವಾಸ ಮಾಡಿದಷ್ಟೂ ತೂಕ ಗಟ್ಟಿಯಾಗಿ ಕೂರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ 100 ಮಹಿಳೆಯರಲ್ಲಿ ಸುಮಾರು 30 ಮಂದಿಗೆ ಅಧಿಕ ತೂಕ, ಸುಮಾರು 48 ಮಂದಿಗೆ ರಕ್ತಹೀನತೆ. ಅಂದರೆ ಮೈ ತುಂಬಿಕೊಂಡಿದ್ದರೂ ರಕ್ತ ಕಡಿಮೆ ಇರುವವರು ನಮ್ಮಲ್ಲಿದ್ದಾರೆ. ಅಂಥವರಿಗೆ ಉಪವಾಸ ಇನ್ನಷ್ಟು ಪೆಟ್ಟು ಕೊಡುತ್ತದೆ.

ಹಿಂಡಿ ಕಡಿಮೆಯಾದರೆ ಹಾಲು ಇಳಿಯುತ್ತದೆ ಎಂದು ನಿಮಗೆ ಗೊತ್ತು. ನಮಗೆ ಹಿಂಡಿಯ ಜಾಗದಲ್ಲಿ ಇರುವುದು ಕಾಳು. ಮಡಕಿ, ಹೆಸರು, ಅಲಸಂದಿ, ಕಡಲೆ, ಯಾವುದಾದರೂ ಮೊಳಕೆ ಕಾಳಿನ ಪಲ್ಯ ದಿನಕ್ಕೆ ಒಂದು ಬಟ್ಟಲು ಇರಲಿ. ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು ಇರಲಿ: ಹಕ್ಕರಿಕೆ, ಮೆಂತೆ, ಸವತೆಕಾಯಿ, ಗಜ್ಜರಿ, ಮೂಲಂಗಿ. ಅವನ್ನು ಮೊದಲು ತಿಂದರೆ ಹಸಿವಿನ ಭರ ತಗ್ಗುತ್ತದೆ. ರೊಟ್ಟಿ ಆಮೇಲೆ.

ಎಲ್ಲ ಹಾಲನ್ನೂ ಡೇರಿಗೆ ಹಾಕಬೇಡಿ. ನಿಮ್ಮ ಪಾಲಿಗೆ ಒಂದು ಲೋಟ ಉಳಿಸಿ, ಕೆನೆ ತೆಗೆದು ಕುಡಿಯಿರಿ. ಅದರಲ್ಲಿ ಆರೇಳು ಗ್ರಾಂ ಪ್ರೋಟೀನ್ ಇದೆ. ಬೆಣ್ಣೆ ತೆಗೆದ ಮಜ್ಜಿಗೆ ಇನ್ನೂ ಒಳ್ಳೆಯದು. ಉಪ್ಪು ಮಾತ್ರ ಕಡಿಮೆ ಇರಲಿ.

ದಿನವಿಡೀ ದುಡಿಯುತ್ತೇನಲ್ಲ?

ಹೌದು, ದುಡಿಯುತ್ತೀರಿ. ಆದರೆ ಮೈ ಆ ಕೆಲಸಕ್ಕೆ ಪಳಗಿದೆ. ಮೊದಲಿನ ಬೀಸುವ ಕಲ್ಲು ಹೋಗಿ ಗಿರಣಿ ಬಂತು, ನೀರು ಮನೆಬಾಗಿಲ ನಲ್ಲಿಗೆ ಬಂತು, ಮೇವು ಕತ್ತರಿಸಲು ಯಂತ್ರ ಬಂತು. ದಣಿವು ಆಗುತ್ತದೆ, ಏದುಸಿರು ಬರುವುದಿಲ್ಲ. ಮಾತಾಡಬಹುದು, ಹಾಡಲಾಗದು ಎನ್ನುವ ವೇಗದಲ್ಲಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆಯಿರಿ. ಈಗಾಗಲೇ ನಡೆಯುತ್ತಿದ್ದರೆ ಹತ್ತು ನಿಮಿಷ ಹೆಚ್ಚಿಸಿ.

ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಿ. ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ, ಕುಳಿತುಕೊಳ್ಳಿ. ಗೋಡೆಗೆ ಅಂಗೈ ಕೊಟ್ಟು ಹತ್ತು ಸಲ ತಳ್ಳಿ. ಮೊಣಕಾಲು ನೋವಿದ್ದರೆ ಎತ್ತರದ ಆಸನ ಬಳಸಿ.

ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಮರುದಿನ ಹಸಿವು ಹೆಚ್ಚು. ಧಾರಾವಾಹಿ ಒಂದು ಬಿಟ್ಟರೂ ಚಿಂತೆಯಿಲ್ಲ, ಒಂಬತ್ತೂವರೆಗೆ ಮಲಗಿ.

ಮೊದಲು ವೈದ್ಯರನ್ನು ಕೇಳಿ

ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲು ವೈದ್ಯರಿಗೆ ತಿಳಿಸಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಸಕ್ಕರೆ ತೀರಾ ಇಳಿದಿರಬಹುದು. ಬಸುರಿ, ಬಾಣಂತಿಯರು, ಮಗುವಿಗೆ ಹಾಲುಣಿಸುವವರು ತೂಕ ಇಳಿಸಲು ಹೋಗಬಾರದು. ಎಷ್ಟು ಮಾಡಿದರೂ ತೂಕ ಏರುತ್ತಿದ್ದರೆ, ಜೊತೆಗೆ ಚಳಿ, ಸುಸ್ತು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಏನೂ ಪ್ರಯತ್ನ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಸಂತೋಷಪಡಬೇಡಿ, ಕೂಡಲೇ ದವಾಖಾನೆಗೆ ಹೋಗಿ. 30 ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಒಬ್ಬರೇ ಬೇಡ, ಕೂಡಿ ಮಾಡಿ

ಒಬ್ಬರಿಂದ ಆಗದ್ದು ಕೂಡಿದರೆ ಆಗುತ್ತದೆ ಎಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನೆಲ ಇದು. ಲಕ್ಷ್ಮೇಶ್ವರವಿರಲಿ, ಶಿರಹಟ್ಟಿ, ಮುಂಡರಗಿ, ಬೆಟಗೇರಿಯಿರಲಿ, ಬೆಳಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಲ್ಲುವ ನಾಲ್ಕು ಜನ ಅಲ್ಲಿಂದಲೇ ನಡಿಗೆ ಶುರು ಮಾಡಬಹುದು. ಸೋಮವಾರ ತೂಕ, ಸೊಂಟ ಬರೆದುಕೊಂಡು ಒಬ್ಬರಿಗೊಬ್ಬರು ಹೇಳಿ. ಎರಡು ವಾರ ಚಹಾದ ಲೆಕ್ಕ ಮಾತ್ರ ಬದಲಿಸಿ ನೋಡಿ. ಆಮೇಲೆ ಕಾಳು, ಆಮೇಲೆ ನಡಿಗೆ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದೂ ಉಳಿಯುವುದಿಲ್ಲ.

ಇಷ್ಟಾದರೂ ಮುಳ್ಳು 64 ಬಿಟ್ಟು ಕದಲದಿದ್ದರೆ? ನೀವು ಸೋತಿಲ್ಲ. ನೂರಕ್ಕೆ ಐದರಷ್ಟು ತೂಕ ಇಳಿದರೂ ಸಕ್ಕರೆ, ಬಿಪಿ ಸುಧಾರಿಸುತ್ತವೆ. ನೀವು ಅದನ್ನು ದಾಟಿದ್ದೀರಿ. ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ. ಆರು ಕಿಲೋಗೆ 24 ಕಿಲೋ, ಅಂದರೆ ಹಾಲು ತುಂಬಿದ 20 ಲೀಟರಿನ ಒಂದು ಕ್ಯಾನ್. ಆ ಕ್ಯಾನನ್ನು ಈಗಾಗಲೇ ಕೆಳಗಿಟ್ಟಿದ್ದೀರಿ. ಮತ್ತೆ ಎತ್ತಿಕೊಳ್ಳದಿದ್ದರೆ ಅದೇ ದೊಡ್ಡ ಗಳಿಕೆ.