ಪೈಲಟ್ ಬೆನ್ನ ಹಿಂದಿನ ಗೋಡೆ

ಮನೆಯಲ್ಲೇ ಬೋಯಿಂಗ್ 737 ಕಾಕ್‌ಪಿಟ್ ಕಟ್ಟುವವರು ದುಡ್ಡನ್ನೆಲ್ಲ ಮುಂದಿನ ಪ್ಯಾನೆಲ್‌ಗಳಿಗೇ ಸುರಿಯುತ್ತಾರೆ. ಹಿಂದೆ ತಿರುಗಿ ನೋಡಿದರೆ? ಬಟ್ಟೆ ಬೀರು!

ಅಸಲಿ ವಿಮಾನದಲ್ಲಿ ಕ್ಯಾಪ್ಟನ್ ಹಿಂದೆ ಪಿ-18, ಫಸ್ಟ್ ಆಫೀಸರ್ ಹಿಂದೆ ಪಿ-6. ಎರಡೂ ಸರ್ಕ್ಯೂಟ್ ಬ್ರೇಕರ್ ಪ್ಯಾನೆಲ್‌ಗಳೇ. ಸಾಲುಸಾಲು ಕಪ್ಪು ಗುಂಡಿಗಳು, ತಲೆಯ ಮೇಲೆ ಬಿಳಿ ಅಂಕಿಯಲ್ಲಿ ಆಂಪಿಯರ್. ಫೋಟೋ ಪ್ರಿಂಟ್ ಮಾಡಿ ಅಂಟಿಸಿದರೆ ಆಗಲ್ವಾ? ಆಗುತ್ತೆ, ಆದರೆ ನೆರಳು ಬೀಳಲ್ಲ. ಒಂದೇ ನೋಟಕ್ಕೆ ಗುಟ್ಟು ರಟ್ಟು. 3ಡಿ ಪ್ರಿಂಟರ್‌ನಲ್ಲಿ ಗುಂಡಿ ತೆಗೆದು ಒಂದೊಂದಾಗಿ ಕೂರಿಸಿ. ಎಲ್ಲವೂ ಕೆಲಸ ಮಾಡಲೇಬೇಕು ಅನ್ನೋ ಹಟ ಬೇಡ. ನಾಲ್ಕೈದಕ್ಕೆ ಸ್ವಿಚ್ ಕೊಟ್ಟರೆ ಧಾರಾಳ.

ಗೋಡೆಗೆ 12 ಎಂಎಂ ಪ್ಲೈವುಡ್, ಹಿಂದೆ ರೀಪರ್ ಚೌಕಟ್ಟು. ಕಾಕ್‌ಪಿಟ್ ಚಾವಣಿ ಬಾಗಿರುತ್ತೆ, ಟೇಪ್ ಹಿಡಿದರೆ ಅಳತೆ ಸಿಗಲ್ಲ. ದಪ್ಪ ರಟ್ಟನ್ನು ಚಾವಣಿಗೆ ಒತ್ತಿ ಹಿಡಿದು ಪೆನ್ಸಿಲ್ ಗೆರೆ ಎಳೆಯಿರಿ, ಸರಿ ಕೂರುವ ತನಕ ಕತ್ತರಿಸಿ, ಆಮೇಲೆ ಜಿಗ್‌ಸಾ ಕೈಗೆತ್ತಿಕೊಳ್ಳಿ. ಎಡ, ಬಲ, ಬಾಗಿಲ ಮೇಲಿನ ತುಂಡು ಬೇರೆಬೇರೆ ಇರಲಿ. ಮೊಳೆ ಬೇಡವೇ ಬೇಡ, ಬೋಲ್ಟ್ ಹಾಕಿ. ಓವರ್‌ಹೆಡ್ ವೈರಿಂಗ್ ಕೈಕೊಟ್ಟ ದಿನ ಗೋಡೆ ಬಿಚ್ಚಲೇಬೇಕಾಗುತ್ತೆ.

ಬಣ್ಣ ಬೂದು, ಮ್ಯಾಟ್ ಫಿನಿಶ್. ಹೊಳಪಿದ್ದರೆ ಪರದೆಯ ಬೆಳಕು ಕಣ್ಣಿಗೆ ಹೊಡೆಯುತ್ತೆ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಪ್ರಯಾಣಿಕ ವಿಮಾನಗಳ ಕಾಕ್‌ಪಿಟ್ ಬಾಗಿಲು ಗುಂಡಿಗೂ ಜಗ್ಗದಷ್ಟು ಗಟ್ಟಿಯಾಯಿತು. ಮನೆಯಲ್ಲಿ ಹಗುರ ಬಾಗಿಲೇ ಸಾಕು. ಚಿಲಕ ಇಡಬೇಡಿ, ಕಾಫಿ ಒಳಗೆ ಬರಬೇಕಲ್ಲ!

ಇನ್ನೊಂದು ಮಾತು. ಗೋಡೆ ಮುಚ್ಚಿದರೆ ಕಂಪ್ಯೂಟರ್, ಮಾನಿಟರ್ ಬಿಸಿಯೆಲ್ಲ ಒಳಗೇ. ಬಿಸಿ ಮೇಲೇರುತ್ತೆ, ಹಾಗಾಗಿ ಬಾಗಿಲ ಮೇಲಿನ ತುಂಡಿನಲ್ಲೇ ಎಕ್ಸಾಸ್ಟ್ ಫ್ಯಾನ್‌ಗೆ ರಂಧ್ರ ಕೊರೆಯಿರಿ, ಪೇಂಟ್ ಬಳಿಯೋಕೆ ಮುಂಚೆ.