ಸುತ್ತೋಲೆ ಹೊರಟಿತು, ತಲುಪಿತೇ?

ಸಂಘದ ಮೇಲ್ ಸರ್ವರಿನ ಆಯ್ಕೆ ಮತ್ತು ಹೊಂದಾಣಿಕೆ ಕುರಿತು ಕಾರ್ಯದರ್ಶಿಯ ವಿವರಣೆ



ಮುಂಗಾರು ಹಿಡಿಯುವುದಕ್ಕೆ ಮುಂಚೆಯೇ ಅಡಿಕೆ ಗೊನೆಗಳಿಗೆ ಮೊದಲ ಸಿಂಪರಣೆ ಮುಗಿದಿರಬೇಕೆಂಬುದು ನಮಗೆಲ್ಲ ತಿಳಿದ ವಿಷಯ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಲೆಕ್ಕ ಸುಲಭ, ಆದರೆ ದಿನ ತಪ್ಪಿದರೆ ಕೊಳೆರೋಗ ಕಾಯುವುದಿಲ್ಲ. ಕಳೆದ ಸಾಲಿನ ಮೇ ತಿಂಗಳ ಕೊನೆಯ ವಾರ, ಸಿಂಪರಣೆಯ ಸಲಹೆಯನ್ನೂ ಮೈಲುತುತ್ತ ವಿತರಣೆಯ ದಿನವನ್ನೂ ತಿಳಿಸುವ ಸುತ್ತೋಲೆಯನ್ನು ಸಂಘದಿಂದ ಇ-ಮೇಲ್ ಮೂಲಕ ಕಳುಹಿಸಲಾಗಿತ್ತು. ವಾರ ಕಳೆದ ಮೇಲೆ ಪಿರಿಯಾಪಟ್ಟಣದ ಕಡೆಯ ಸದಸ್ಯರೊಬ್ಬರು ಮಳೆಯಲ್ಲಿ ನೆನೆದುಕೊಂಡೇ ಕಚೇರಿಗೆ ಬಂದು, "ಪಕ್ಕದ ತೋಟದೋರಿಗೆ ಕಾಗ್ದ ಬಂದದೆ, ನಂಗ್ಯಾಕೆ ಬರ್ನಿಲ್ಲ ಸ್ವಾಮಿ?" ಎಂದು ಕೇಳಿದರು.

ನಮ್ಮ ಕಂಪ್ಯೂಟರಿನ ದಾಖಲೆಯಲ್ಲಿ ಅವರ ಹೆಸರಿನ ಮುಂದೆ "ಕಳುಹಿಸಲಾಗಿದೆ" ಎಂದೇ ಇತ್ತು. ಅವರ ಫೋನನ್ನು ಇಸಿದುಕೊಂಡು ಹುಡುಕಿದಾಗ, ಲಾಟರಿ ಮತ್ತು ಸಾಲದ ಜಾಹೀರಾತುಗಳ ನಡುವೆ, ಸ್ಪ್ಯಾಮ್ ಎಂಬ ಕಸದ ಪೆಟ್ಟಿಗೆಯಲ್ಲಿ ನಮ್ಮ ಸುತ್ತೋಲೆ ಬಿದ್ದಿತ್ತು. ಅಷ್ಟರಲ್ಲಿ ಮಳೆ ಹಿಡಿದಾಗಿತ್ತು. ತಪ್ಪು ಅವರದಲ್ಲ, ನಮ್ಮದು. ಆ ಬಳಿಕ ಸಂಘವು ಸ್ವಂತ ಮೇಲ್ ಸರ್ವರ್ ವ್ಯವಸ್ಥೆ ಮಾಡಿಕೊಂಡಿತು. ಅದಕ್ಕೆ ಹಣವೇಕೆ, ಅದರಲ್ಲಿ ಮಾಡಿದ್ದೇನು ಎಂದು ಹಲವರು ಕೇಳಿರುವುದರಿಂದ ಈ ವಿವರಣೆ.

ಎರಡು ಬೇರೆ ಬೇರೆ ಕೆಲಸ

ಪಟ್ಟಿಗೆ ಪತ್ರ ಕಳುಹಿಸುವುದರಲ್ಲಿ ಎರಡು ಕೆಲಸಗಳಿವೆ. ಸದಸ್ಯರ ವಿಳಾಸಗಳನ್ನಿಟ್ಟುಕೊಂಡು, ಸೇರುವವರನ್ನು ಸೇರಿಸಿ, ಬಿಡುವವರನ್ನು ಬಿಟ್ಟು, ಪ್ರತಿಯೊಬ್ಬರ ಹೆಸರಿಗೆ ಪ್ರತಿ ಸಿದ್ಧಪಡಿಸುವುದು ಒಂದು. ಇದು ನಮ್ಮ ಗುಮಾಸ್ತರ ಕೆಲಸವಿದ್ದಂತೆ. ಇದಕ್ಕೆ ಮೇಲ್‌ಮನ್ ಎಂಬ ಉಚಿತ ತಂತ್ರಾಂಶವಿದೆ. ಆ ಪ್ರತಿಗಳನ್ನು ಹೊತ್ತುಕೊಂಡು ಹೋಗಿ ಒಪ್ಪಿಸುವುದು ಇನ್ನೊಂದು. ಇದು ಅಂಚೆಯವರ ಕೆಲಸ. ಇದನ್ನು ಮಾಡುವುದೇ ಮೇಲ್ ಸರ್ವರ್.

ಒಪ್ಪಿಸುವ ರೀತಿಯನ್ನು 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಬರೆದಿಟ್ಟರು. ತಿದ್ದುಪಡಿಗಳಾಗಿದ್ದರೂ ಇಂದಿಗೂ ನಡೆಯುತ್ತಿರುವುದು ಅದೇ. ನಮ್ಮ ಸರ್ವರ್ ಎದುರಿನ ಸರ್ವರಿನ ಬಾಗಿಲು ತಟ್ಟಿ, ತಾನು ಯಾರು, ಪತ್ರ ಯಾರಿಂದ, ಯಾರಿಗೆ ಎಂದು ಹೇಳುತ್ತದೆ. ಎದುರಿನದು ಮೂರು ಅಂಕಿಯಲ್ಲಿ ಉತ್ತರ ಕೊಡುತ್ತದೆ. 250 ಎಂದರೆ ಸ್ವೀಕರಿಸಿದೆ. 4ರಿಂದ ಆರಂಭವಾದರೆ ಈಗ ಆಗದು, ಆಮೇಲೆ ಬಾ. 5ರಿಂದ ಆರಂಭವಾದರೆ ಆಗುವುದೇ ಇಲ್ಲ. ಒಂದನ್ನು ಗಮನಿಸಬೇಕು: 250 ಎಂದರೆ ಮನೆಯ ಕಾವಲುಗಾರ ಪತ್ರ ಇಸಿದುಕೊಂಡನೆಂದು ಮಾತ್ರ. ಅವನು ಅದನ್ನು ಯಜಮಾನರ ಮೇಜಿನ ಮೇಲಿಟ್ಟನೋ ಕಸದ ಬುಟ್ಟಿಗೆ ಹಾಕಿದನೋ ನಮಗೆ ತಿಳಿಯದು. ನಾವು ಮೋಸಹೋದದ್ದು ಇಲ್ಲಿಯೇ.

ಯಾವ ಸರ್ವರ್?

ಹಳೆಯದೂ ಹೆಸರಾದದ್ದೂ ಸೆಂಡ್‌ಮೇಲ್. ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಬರೆದದ್ದು. ಏನನ್ನಾದರೂ ಮಾಡಬಲ್ಲದು, ಆದರೆ ಅದರ ಹೊಂದಾಣಿಕೆಯ ಕಡತ ಓದುವುದು ಹಳೆಯ ಮೋಡಿ ಲಿಪಿ ಓದಿದಷ್ಟೇ ಕಷ್ಟ. 1995ರಲ್ಲಿ ಕೇಂಬ್ರಿಜ್‌ನಲ್ಲಿ ಫಿಲಿಪ್ ಹೇಜಲ್ ಬರೆದ ಎಕ್ಸಿಮ್ ಬಹಳ ಬಾಗುವ ಗುಣದ್ದು. ಡೇನಿಯಲ್ ಬರ್ನ್‌ಸ್ಟೀನ್ ಅವರ ಕ್ಯೂಮೇಲ್ ಪಟ್ಟಿ ಪತ್ರಗಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅದರ ಮೂಲ ರೂಪ 1998ರ ನಂತರ ಮುಂದುವರಿಯಲಿಲ್ಲ. ಅದೇ 1998ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ವೀಟ್ಸೆ ವೆನೆಮಾ ಹೊರತಂದದ್ದು ಪೋಸ್ಟ್‌ಫಿಕ್ಸ್.

ನಾವು ಪೋಸ್ಟ್‌ಫಿಕ್ಸ್ ಆಯ್ದುಕೊಂಡೆವು. ಅದರ ವೇಗ ಇದಕ್ಕೆ ಕಾರಣವಲ್ಲ. ನಮ್ಮ ಸುಮಾರು 600 ವಿಳಾಸಗಳಿಗೆ ಈ ನಾಲ್ಕರಲ್ಲಿ ಯಾವುದಾದರೂ ಸಾಕು. ಹೊಂದಾಣಿಕೆಯ ಕಡತ ಸರಳ, ನನ್ನ ನಂತರ ಬರುವ ಕಾರ್ಯದರ್ಶಿಯೂ ಓದಬಹುದು. ಪತ್ರವನ್ನು ಡಿಸ್ಕಿನ ಮೇಲೆ ಬರೆದಿಟ್ಟ ಮೇಲೆಯೇ "ಸ್ವೀಕರಿಸಿದೆ" ಎನ್ನುವುದರಿಂದ ನಡುವೆ ವಿದ್ಯುತ್ ಹೋದರೂ ಸಾಲಿನಲ್ಲಿರುವ ಪತ್ರ ಉಳಿಯುತ್ತದೆ. ಒಂದೊಂದು ಊರಿನ ಪತ್ರಕ್ಕೆ ಒಂದೊಂದು ಮಿತಿ ಹಾಕಲು ಅದರಲ್ಲಿ ಅನುಕೂಲವಿದೆ.

ಸರ್ವರನ್ನು ಹುಣಸೂರಿನ ಕಚೇರಿಯಲ್ಲೇ ಏಕೆ ಇಡಲಿಲ್ಲವೆಂದರೆ, ಮನೆ-ಅಂಗಡಿಗಳ ಬ್ರಾಡ್‌ಬ್ಯಾಂಡಿನಿಂದ ನೇರವಾಗಿ ಬರುವ ಪತ್ರಗಳನ್ನು ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ತಿರಸ್ಕರಿಸುತ್ತವೆ. ಆದ್ದರಿಂದ ಸ್ಥಿರ ವಿಳಾಸವಿರುವ ಬಾಡಿಗೆ ಯಂತ್ರ ಬೇಕು. ಬಾಡಿಗೆಗೆ ಕೊಡುವವರಲ್ಲಿಯೂ ಅನೇಕರು ಪತ್ರ ಹೊರಡುವ 25ನೇ ಸಂಖ್ಯೆಯ ದ್ವಾರವನ್ನು ಮುಚ್ಚಿರುತ್ತಾರೆ. ಕೇಳಿ ತಿಳಿದೇ ಹಣ ಕಟ್ಟಬೇಕು. ಇಷ್ಟು ತಾಪತ್ರಯ ಬೇಡವೆನ್ನುವ ಸಣ್ಣ ಸಂಘಗಳು, ಪತ್ರ ಸಾಗಿಸುವ ಕೆಲಸವನ್ನಷ್ಟೇ ಕಂಪನಿಯೊಂದಕ್ಕೆ ವಹಿಸಿ ಪಟ್ಟಿಯನ್ನು ತಮ್ಮಲ್ಲಿಟ್ಟುಕೊಳ್ಳುವುದೂ ತಪ್ಪಲ್ಲ.

ಹೊಂದಾಣಿಕೆ

1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದ ಮೇಲೆ, ಹುಣಸೂರಿಗೆ 571105, ಪಿರಿಯಾಪಟ್ಟಣಕ್ಕೆ 571107, ಹೆಗ್ಗಡದೇವನಕೋಟೆಗೆ 571114, ಕೃಷ್ಣರಾಜನಗರಕ್ಕೆ 571602 ಎಂದು ಅಂಚೆ ಕಟ್ಟುಗಳನ್ನು ವಿಂಗಡಿಸುವುದು ಸುಲಭವಾಯಿತು. ಇ-ಮೇಲ್ ವಿಳಾಸದ ಕೊನೆಯ ಭಾಗವೂ ಹೀಗೆಯೇ. ಆದರೆ ನಮ್ಮ ಸದಸ್ಯರು ನಾಲ್ಕು ತಾಲ್ಲೂಕುಗಳಲ್ಲಿದ್ದರೂ ಹೆಚ್ಚಿನವರ ವಿಳಾಸ ಒಂದೇ ದೊಡ್ಡ ಕಂಪನಿಯಲ್ಲಿದೆ. ಎಲ್ಲ ಪತ್ರಗಳೂ ಒಂದೇ ಬಾಗಿಲಿಗೆ ಹೋಗಬೇಕು.

ಪೋಸ್ಟ್‌ಫಿಕ್ಸ್ ತಾನಾಗಿ ಬಿಟ್ಟರೆ ಒಂದು ಬಾಗಿಲಿಗೆ ಏಕಕಾಲಕ್ಕೆ 20 ಸಂಪರ್ಕಗಳವರೆಗೆ ಹೋಗುತ್ತದೆ. ಪರಿಚಯವಿಲ್ಲದವನು ಇಪ್ಪತ್ತು ಆಳುಗಳೊಂದಿಗೆ ಬಂದು ಬಾಗಿಲು ಬಡಿದರೆ ಯಾರಿಗಾದರೂ ಅನುಮಾನವೇ. ನಾವು ಒಂದೇ ಸಂಪರ್ಕ, ಪ್ರತಿ ಪತ್ರದ ನಡುವೆ 1 ಸೆಕೆಂಡ್ ಬಿಡುವು ಎಂದು ನಿಗದಿಪಡಿಸಿದೆವು. ಪತ್ರ ಒಪ್ಪಿಸಲು 2 ಸೆಕೆಂಡ್ ಹಿಡಿದರೂ 500 ಪತ್ರಗಳಿಗೆ 1,500 ಸೆಕೆಂಡ್, ಅಂದರೆ 25 ನಿಮಿಷ. 25 ನಿಮಿಷ ತಡವಾದರೆ ಯಾರ ತೋಟಕ್ಕೂ ನಷ್ಟವಿಲ್ಲ, ತಿರಸ್ಕೃತವಾದರೆ ನಷ್ಟವಿದೆ.

ಎರಡನೆಯದಾಗಿ, ಒಂದು ಪತ್ರಕ್ಕೆ ಐವತ್ತು ವಿಳಾಸ ಹಚ್ಚಿ ಒಟ್ಟಿಗೆ ಒಪ್ಪಿಸುವ ಪದ್ಧತಿ ಬಿಟ್ಟು, ಒಬ್ಬೊಬ್ಬರಿಗೂ ಬೇರೆ ಪತ್ರ ಕಳುಹಿಸುತ್ತಿದ್ದೇವೆ. ಪ್ರತಿ ಪತ್ರದ ವಾಪಸಾತಿ ವಿಳಾಸದಲ್ಲಿ ಆ ಸದಸ್ಯರ ಗುರುತು ಸೇರಿರುತ್ತದೆ. ಪತ್ರ ವಾಪಸಾದರೆ ಯಾರದೆಂದು ಊಹಿಸಬೇಕಾಗಿಲ್ಲ. ಹೀಗೆ ಮಾಡಿದರೆ ಭಾರ ಹೆಚ್ಚುವುದಿಲ್ಲವೇ ಎಂದು ಕೇಳಬಹುದು. ಕಂಪ್ಯೂಟರಿನಲ್ಲಿ ಒಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ಸಾಗಣೆಗೆ ಕಟ್ಟುವಾಗ ಮೂರನೇ ಒಂದು ಪಾಲು ಹಿಗ್ಗುತ್ತದೆ. 3,000 ಚಿಹ್ನೆಗಳ ಸುತ್ತೋಲೆ 12,000 ಬೈಟ್ ಆಯಿತು. 600 ಜನಕ್ಕೆ 72 ಲಕ್ಷ ಬೈಟ್, ಒಂದೆರಡು ಫೋಟೋದಷ್ಟು. ಅದೇ ಸುತ್ತೋಲೆಯನ್ನು 2 ಎಂಬಿಯ ಚಿತ್ರವಾಗಿಸಿ ಲಗತ್ತಿಸಿದರೆ ಸುಮಾರು 1,600 ಎಂಬಿ. ಆದ್ದರಿಂದಲೇ ಈಗ ಸುತ್ತೋಲೆ ಬರೀ ಅಕ್ಷರದಲ್ಲಿ ಬರುತ್ತಿದೆ. ಕೋಟೆಯ ಕಾಡಂಚಿನಲ್ಲಿ ಸಿಗ್ನಲ್ ಒಂದೇ ಗೆರೆ ಇದ್ದಾಗಲೂ ಅದು ತೆರೆಯುತ್ತದೆ.

ಮೂರನೆಯದು ಮರುಪ್ರಯತ್ನ. "ಆಮೇಲೆ ಬಾ" ಎಂದವರಲ್ಲಿಗೆ ಪೋಸ್ಟ್‌ಫಿಕ್ಸ್ 5 ನಿಮಿಷಕ್ಕೊಮ್ಮೆ ಆರಂಭಿಸಿ, ಅಂತರ ಹೆಚ್ಚಿಸುತ್ತಾ, ಕೊನೆಗೆ ಒಂದು ಗಂಟೆಗೂ ತುಸು ಹೆಚ್ಚಿನ ಅಂತರದಲ್ಲಿ 5 ದಿನ ಎಡತಾಕುತ್ತದೆ. ಕೆಲವು ಸರ್ವರುಗಳು ಹೊಸಬರನ್ನು ಪರೀಕ್ಷಿಸಲೆಂದೇ ಮೊದಲ ಸಲ ಹೀಗೆ ಹೇಳಿ ಕಳುಹಿಸುತ್ತವೆ; ತಾಳ್ಮೆಯಿಂದ ಮತ್ತೆ ಬಂದವನನ್ನು ಒಳಗೆ ಬಿಡುತ್ತವೆ. ಆದರೆ ಸಿಂಪರಣೆಯ ಸುದ್ದಿ 5 ದಿನದ ಮೇಲೆ ತಲುಪಿ ಫಲವೇನು? ಅವಧಿಯನ್ನು 2 ದಿನಕ್ಕೆ ಇಳಿಸಿದ್ದೇವೆ. 4 ಗಂಟೆಯ ನಂತರವೂ ಸಾಲಿನಲ್ಲಿ ಉಳಿದ ಹೆಸರುಗಳನ್ನು ಗುಮಾಸ್ತರು ನೋಡಿ, ತುರ್ತು ವಿಷಯವಾದರೆ ಫೋನ್ ಮಾಡುತ್ತಾರೆ. 5ರ ಸಾಲಿನ ಉತ್ತರ ಬಂದ ವಿಳಾಸಕ್ಕೆ ಮತ್ತೆ ಮತ್ತೆ ಕಳುಹಿಸುವುದಿಲ್ಲ. ಸತ್ತ ವಿಳಾಸಗಳಿಗೆ ಬರೆಯುತ್ತಲೇ ಇರುವವನನ್ನು ದೊಡ್ಡ ಸರ್ವರುಗಳು ಕಳ್ಳನೆಂದೇ ಎಣಿಸುತ್ತವೆ.

ಮೊಹರು ಮತ್ತು ಗುರುತು

ಎಲ್ಲಕ್ಕಿಂತ ಮುಖ್ಯವಾದದ್ದು ಗುರುತು. ನಮ್ಮ ಹೆಸರಿನಲ್ಲಿ ಪತ್ರ ಒಯ್ಯಲು ಯಾವ ಯಂತ್ರಕ್ಕೆ ಅಧಿಕಾರವಿದೆಯೆಂದು ಮೊದಲೇ ಪ್ರಕಟಿಸಿಡುವುದು ಎಸ್‌ಪಿಎಫ್. ಪತ್ರಕ್ಕೆ ಒತ್ತುವ ಅರಗಿನ ಮುದ್ರೆಯಂಥದು ಡಿಕೆಐಎಂ. ದಾರಿಯಲ್ಲಿ ಒಂದು ಅಕ್ಷರ ಬದಲಾದರೂ ಮುದ್ರೆ ಒಡೆಯುತ್ತದೆ. ಇವೆರಡೂ ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ಹೇಳಿಡುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಇವನ್ನು ಬಿಗಿಗೊಳಿಸಿವೆ. ಜಿಮೇಲಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಪಟ್ಟಿ ಬಿಡುವ ಸೌಲಭ್ಯ ಕಡ್ಡಾಯ. ಸ್ಪ್ಯಾಮ್ ಎಂಬ ದೂರು ಶೇಕಡಾ 0.3 ಮುಟ್ಟಬಾರದು. ನಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂನಲ್ಲಿ ಒಂದು ಇರಲೇಬೇಕು. ನಾವು ಮೂರನ್ನೂ ಮಾಡಿಕೊಂಡಿದ್ದೇವೆ.

ಹಿಂದೆ ಹತ್ತಾರು ಅಪರಿಚಿತರು ಹಂಚಿಕೊಂಡಿದ್ದ ಯಂತ್ರವೊಂದರಿಂದ, ಮುದ್ರೆಯಿಲ್ಲದೆ, ಎಷ್ಟೋ ಸತ್ತ ವಿಳಾಸಗಳೊಂದಿಗೆ ಕಳುಹಿಸುತ್ತಿದ್ದೆವು. ಪಕ್ಕದ ತೋಟದವರು ಮೊದಲೊಮ್ಮೆ ಸಂಘಕ್ಕೆ ಉತ್ತರ ಬರೆದಿದ್ದರು. ಅವರ ಪೆಟ್ಟಿಗೆಗೆ ನಮ್ಮ ಪರಿಚಯವಿತ್ತು. ನೆನೆದು ಬಂದವರ ಪೆಟ್ಟಿಗೆಗೆ ಇರಲಿಲ್ಲ. ಮಂಡಿಯಲ್ಲಿ ಹೆಸರು ಉಳಿಸಿಕೊಂಡವನ ಮೂಟೆಯನ್ನು ಬಿಚ್ಚದೆಯೇ ತೂಗುವಂತೆ, ಇಲ್ಲಿಯೂ ನಡೆಯುವುದು ಹೆಸರೇ. ಅದು ನಿಧಾನವಾಗಿ ಬರುತ್ತದೆ, ಬೇಗ ಹೋಗುತ್ತದೆ.

ಸದಸ್ಯರಲ್ಲಿ ಕೋರಿಕೆ

ಈ ಹೆಸರು ಅರ್ಧ ನಿಮ್ಮ ಕೈಯಲ್ಲಿದೆ. ಸಂಘದ ವಿಳಾಸವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಸುತ್ತೋಲೆ ಸ್ಪ್ಯಾಮಿನಲ್ಲಿ ಕಂಡರೆ "ಸ್ಪ್ಯಾಮ್ ಅಲ್ಲ" ಎಂದು ಒತ್ತಿ. ಬೇಡವಾದರೆ ಪತ್ರದ ಕೊನೆಯಲ್ಲಿರುವ ಕೊಂಡಿಯಿಂದ ಪಟ್ಟಿ ಬಿಡಿ, ನಮಗೆ ಬೇಸರವಿಲ್ಲ. ದಯವಿಟ್ಟು ಸ್ಪ್ಯಾಮ್ ಗುಂಡಿ ಒತ್ತಬೇಡಿ. 600 ಜನರಲ್ಲಿ ಇಬ್ಬರು ಒತ್ತಿದರೆ ಮೇಲೆ ಹೇಳಿದ ಶೇಕಡಾ 0.3 ದಾಟಿಹೋಗುತ್ತದೆ; ಪೆಟ್ಟು ಬೀಳುವುದು ಉಳಿದ 598 ಮಂದಿಗೆ. ಮಕ್ಕಳು ಮಾಡಿಕೊಟ್ಟ ವಿಳಾಸ ಬದಲಾಗಿದ್ದರೆ ಕಚೇರಿಗೆ ತಿಳಿಸಿ.

ಎಷ್ಟೇ ಹೊಂದಿಸಿದರೂ 250ರ ಆಚೆಗೆ ನಮ್ಮ ಕಣ್ಣು ಹೋಗದು. ಆದ್ದರಿಂದ ಸಿಂಪರಣೆ, ಗೊಬ್ಬರ ವಿತರಣೆ, ಸರ್ವಸದಸ್ಯರ ಸಭೆ ಈ ಮೂರು ವಿಷಯಗಳನ್ನು ಇ-ಮೇಲಿನೊಂದಿಗೆ ನೋಟೀಸು ಬೋರ್ಡಿನಲ್ಲಿಯೂ ಹಾಕಲಾಗುವುದು. ಮುಂದಿನ ಸುತ್ತೋಲೆ ತಲುಪಿದ ಕೂಡಲೇ "ಬಂತು" ಎಂದು ಒಂದು ಪದ ಉತ್ತರಿಸಬೇಕಾಗಿ ಪ್ರತಿಯೊಬ್ಬರಲ್ಲಿಯೂ ವಿನಂತಿ. ಅಷ್ಟರಿಂದಲೇ ನಿಮ್ಮ ಪೆಟ್ಟಿಗೆಗೆ ಸಂಘದ ಪರಿಚಯವಾಗುತ್ತದೆ. ಉತ್ತರ ಬಾರದವರನ್ನು ಮೇ ತಿಂಗಳಿಗೆ ಮುಂಚೆ ನಾವೇ ವಿಚಾರಿಸುತ್ತೇವೆ.

– ಕಾರ್ಯದರ್ಶಿ