ವಿಮಾನದ ಪೆಟ್ಟಿಗೆಗೆ ಎಂಥ ಕೀಲಿ?

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳಿಂದ ಮಕ್ಕಳಿರುವ ಪರದೇಶಕ್ಕೆ ಹೊರಡುವ ತಾಯ್ತಂದೆಗಳು ಇಂದು ಅಪರೂಪವಲ್ಲ. ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಜಾವಳಕ್ಕೆಂದೋ ಬೆಳಗಾವಿಯ ಸಾಂಬ್ರಾದಲ್ಲಿ ಇಲ್ಲವೆ ಹುಬ್ಬಳ್ಳಿಯಲ್ಲಿ ವಿಮಾನವೇರುವರು. ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬನಹಟ್ಟಿಯ ಸೀರೆ. ಎಲ್ಲವನ್ನೂ ತುಂಬಿದ ಮೇಲೆ ಏಳುವ ಪ್ರಶ್ನೆ: ಇದಕ್ಕೆ ಎಂಥ ಕೀಲಿ ಹಾಕಬೇಕು?

ಒಡೆಯನ ಹೊರತು ಮತ್ತಾರಿಗೂ ತೆರೆಯದಿರುವುದು ಮನೆಯ ಕೀಲಿಯ ಧರ್ಮ. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯ ಮಾತು ಬೇರೆ. ಅದನ್ನು ತಪಾಸಣೆಯವರೂ ತೆರೆಯಬೇಕಾದೀತು. 2001ರ ಸೆಪ್ಟೆಂಬರ್ ದಾಳಿಯ ತರುವಾಯ, ಇಂಥ ಪೆಟ್ಟಿಗೆಗಳನ್ನೆಲ್ಲ ಪರೀಕ್ಷಿಸಬೇಕೆಂದು ಅಮೆರಿಕೆಯು ಅದೇ ವರ್ಷ ಕಾನೂನು ಮಾಡಿತು. ಸಂಶಯ ಬಂದರೆ ಅಲ್ಲಿಯ ಅಧಿಕಾರಿಗಳು ಒಡೆಯನಿಲ್ಲದಾಗಲೂ ಪೆಟ್ಟಿಗೆಯನ್ನು ತೆರೆದು ನೋಡಿ, ನೋಡಿದೆವೆಂಬ ಚೀಟಿಯನ್ನು ಒಳಗಿಡುವರು. ಕೀಲಿ ತೆರೆಯದಿದ್ದರೆ ಮುರಿಯುವರು.

ಈ ತೊಂದರೆಗೆ ಪರಿಹಾರವಾಗಿ 2003ರಲ್ಲಿ ‘ಟಿ.ಎಸ್.ಎ.’ ಕೀಲಿ ಮಾರುಕಟ್ಟೆಗೆ ಬಂದಿತು. ಅದನ್ನು ತೆರೆಯುವ ಕೀಲಿಕೈ ಆ ಅಧಿಕಾರಿಗಳ ಬಳಿಯೂ ಇರುವುದು. ಅಮೆರಿಕೆಗೆ ಹೋಗುವವರು ಇಂಥದನ್ನೇ ಕೊಳ್ಳುವುದು ಲೇಸು. ದೇಶದೊಳಗಿನ ಪ್ರಯಾಣಕ್ಕೆ ಸಾದಾ ಚಿಕ್ಕ ಕೀಲಿಯೇ ಸಾಕು. ಆದರೆ ತಪಾಸಣೆಗೆ ಕರೆ ಬಂದರೆ ತೆರೆಯಲು ಕೀಲಿಕೈಯನ್ನು ಪೆಟ್ಟಿಗೆಯೊಳಗಿಡದೆ ಕೈಚೀಲದಲ್ಲಿಡಿರಿ.

ವಯಸ್ಸಾದವರಿಗೆ ಕೀಲಿಕೈ ಕಳೆಯುವ ಭಯವಿದ್ದರೆ ಅಂಕಿಯ ಕೀಲಿ ಒಳ್ಳೆಯದು. ಮೂರು ಗಾಲಿಗಳುಳ್ಳ ಕೀಲಿಯಲ್ಲಿ 000ದಿಂದ 999ರವರೆಗೆ ಒಂದು ಸಾವಿರ ಸಂಖ್ಯೆಗಳುಂಟು. ಅಂಗಡಿಯಿಂದ ಬಂದ ಸಂಖ್ಯೆಯನ್ನೇ ಉಳಿಸಿಕೊಳ್ಳಬೇಡಿರಿ. ಹೊಸ ಸಂಖ್ಯೆಯನ್ನಿಟ್ಟು, ಪೆಟ್ಟಿಗೆಗೆ ಹಾಕುವ ಮೊದಲು ಎರಡು ಮೂರು ಸಲ ತೆರೆದು ಮುಚ್ಚಿ ನೋಡಿರಿ. ಸಂಖ್ಯೆಯನ್ನು ಮನೆಯವರೊಬ್ಬರಿಗೆ ತಿಳಿಸಿರಿ.

ಇಷ್ಟಾದರೂ ಒಂದು ಮಾತನ್ನು ಮರೆಯಲಾಗದು. ಈ ಕೀಲಿ ಕಾವಲುಗಾರನಲ್ಲ. ಎತ್ತಿಳಿಸುವಾಗ ಪೆಟ್ಟಿಗೆ ಬಾಯಿ ಬಿಡದಂತೆ ತಡೆಯುವುದು, ಸುಮ್ಮನೆ ಕೈಹಾಕುವವನನ್ನು ಹಿಂಜರಿಸುವುದು, ಇಷ್ಟೇ ಅದರ ಕೆಲಸ. ಬಟ್ಟೆಯ ಪೆಟ್ಟಿಗೆಯ ಜಿಪ್ಪಿನ ಹಲ್ಲುಗಳನ್ನು ಸಾಮಾನ್ಯ ಬಾಲ್‌ಪೆನ್ನಿನ ಮೊನೆಯಿಂದಲೇ ಬಿಡಿಸಬಹುದು. ಕೀಲಿ ಇದ್ದಂತೆಯೇ ಇರುವುದು. ಟಿ.ಎಸ್.ಎ. ಕೀಲಿಕೈಗಳ ಛಾಯಾಚಿತ್ರ ಬಹಿರಂಗವಾಗಿ, 2015ರಲ್ಲಿ ಅವುಗಳ ನಕಲುಗಳನ್ನೂ ಜನರು ಮಾಡಿ ತೋರಿಸಿದರು. ಆದುದರಿಂದ ಚಿನ್ನ, ಹಣ, ನಿತ್ಯದ ಔಷಧಿ, ಕಾಗದಪತ್ರಗಳು ಕೈಚೀಲದಲ್ಲಿಯೇ ಇರಲಿ. ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕನ್ನಂತೂ ಬೆಂಕಿಯ ಅಪಾಯದಿಂದಾಗಿ ಕೆಳಗೆ ಹೋಗುವ ಪೆಟ್ಟಿಗೆಯಲ್ಲಿಡಲು ಅನುಮತಿಯಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯಂತೆ ಆಗಬಾರದು. ಹೊರಡುವ ಮುನ್ನ ಪೆಟ್ಟಿಗೆಯ ಒಳಹೊರಗಿನ ಚಿತ್ರ ತೆಗೆದುಕೊಳ್ಳಿರಿ. ಇಳಿದಲ್ಲಿ ಕೀಲಿ ಮುರಿದಿದ್ದರೆ, ನಿಲ್ದಾಣದಿಂದ ಹೊರಬೀಳುವ ಮೊದಲೇ ವಿಮಾನ ಕಂಪನಿಯ ಕಟ್ಟೆಯಲ್ಲಿ ದೂರು ಬರೆಸಿ ಪ್ರತಿ ಪಡೆಯಿರಿ. ಭಾರತವು 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದದಂತೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನು ಕೆಟ್ಟಿದ್ದರೆ ಕೈಸೇರಿದ 7 ದಿನಗಳೊಳಗೆ ಲಿಖಿತ ದೂರು ಸಲ್ಲಬೇಕು. ಸುಮ್ಮನಿದ್ದವರ ಹಕ್ಕು ಆ ಅವಧಿಯೊಂದಿಗೆ ಹೋಗುವುದು.